ಸರಾಸರಿಗೆ ಏನೂ ಆಗಿಲ್ಲ

ನವೆಂಬರ್ ೨೧, ಗುರುವಾರ

ನಮ್ಮ ಪ್ರಯೋಗಾಲಯದ ಮುಖ್ಯಸ್ಥರಿಗೆ ಬುದ್ಧಿ ಇದೆಯೇ ಎಂಬ ನನ್ನ ಬಹುದಿನದ ಅನುಮಾನ ಇವತ್ತು ಪರಿಹಾರವಾಯಿತು. ಇಲ್ಲ.

ಬಾಹ್ಯಾಕಾಶದಲ್ಲಿ ರಕ್ತ ತಲೆಗೇರುತ್ತದಲ್ಲ, ಅದನ್ನು ನೆಲದ ಮೇಲೇ ನೋಡಲು ಹತ್ತು ಗಂಡಸರು, ಹತ್ತು ಹೆಂಗಸರು ಮೂವತ್ತು ದಿನ ತಲೆ ತಗ್ಗಾಗುವಂತೆ ಓರೆ ಮಾಡಿದ ಮಂಚದಲ್ಲಿ ಮಲಗಿದ್ದರು. ನಮ್ಮ ಮುಖ್ಯಸ್ಥ ಮಹಾಶಯರು ಫೋಟೋಗೆಂದು ಹತ್ತು ನಿಮಿಷ ಮಲಗಿ, ಮೂಗು ಕಟ್ಟಿತೆಂದು ಎದ್ದು ಹೋದವರು! ಇವತ್ತು ಎಲ್ಲರನ್ನೂ ನಿಲ್ಲಿಸಿ, ಹಣೆಯ ಪಕ್ಕ ಉಪಕರಣ ಹಿಡಿದು, ಮಿದುಳಿನ ರಕ್ತದ ಓಟ ಅಳೆದವಳು ನಾನು. ಮಲಗುವ ಮೊದಲು ಇದ್ದದ್ದಕ್ಕಿಂತ ಗಂಡಸರಲ್ಲಿ ಅದು ಏರಿತ್ತು, ಹೆಂಗಸರಲ್ಲಿ ಅಷ್ಟೇ ಇಳಿದಿತ್ತು. ಇವರು ಎರಡನ್ನೂ ಕೂಡಿಸಿ ಸರಾಸರಿ ತೆಗೆದರು. ಸೊನ್ನೆ ಬಂತು.

"ನೋಡಿದ್ರಾ, ಮಿದುಳಿಗೆ ಏನೂ ಆಗಿಲ್ಲ!" ಎಂದು ಮೇಜು ತಟ್ಟಿದರು.

"ಸಾರ್, ಹೆಂಗಸರದ್ದು ಬೇರೆ ಹಾಕಿ ನೋಡಿ."

"ಬೇರೆ ಹಾಕಿದ್ರೆ ಸುಮ್ನೆ ಗೊಂದಲ ಕಣಮ್ಮ."

ಕಣಮ್ಮ ಅಂತೆ. ಹದಿನೆಂಟು ವರ್ಷದ ಸರ್ವಿಸು ನನ್ನದು.

ಮೂರನೇ ಮಂಚದ ಬಸ್ ಕಂಡಕ್ಟರ್ ನಿಂತ ಎರಡೇ ನಿಮಿಷಕ್ಕೆ ಕಣ್ಣು ಕತ್ತಲೆ ಬಂದು ನನ್ನ ತೋಳಿನ ಮೇಲೆ ಬಿದ್ದಿದ್ದಳು. ಸಂಜೆ ಕೇಳಿದಳು: "ಅಕ್ಕ, ಸೋಮವಾರದಿಂದ ಓಡೋ ಬಸ್ಸಲ್ಲಿ ನಿಂತ್ಕೋಬೇಕು. ನಿಜ ಹೇಳಿ, ನನ್ ತಲೆಗೆ ಏನಾದ್ರೂ ಆಗಿದ್ಯಾ?"

ಅವಳ ಅಂಕಿ ನನ್ನ ಕೈಯಲ್ಲೇ ಇತ್ತು, ಹತ್ತು ಹೆಂಗಸರಲ್ಲಿ ಎಲ್ಲಕ್ಕಿಂತ ಕೆಳಗೆ. ಬಾಗಿಲಲ್ಲಿ ಮುಖ್ಯಸ್ಥರು ಕೈ ಕಟ್ಟಿ ನಿಂತಿದ್ದರು.

"ಏನೂ ಆಗಿಲ್ಲ ಕಣಮ್ಮ," ಅಂದೆ.