ಕೋಶ ಎಬ್ಬಿಸೋ ಮಾತು

ಕೂಡ್ಲಿಗಿ ದೊಡ್ಡವ್ವಗ ಶರಣು.

ಈ ಜಪಾನಿನ ಸಪ್ಪೊರೊದಾಗ ಮೊಣಕಾಲುಮಟ ಹಿಮ ಬಿದ್ದೈತಿ. ಲ್ಯಾಬಿನಾಗ ನನ್ನ ಕೆಲಸ ಅಂದ್ರ, ಸ್ನಾಯುವಿನ ಕಾಂಡಕೋಶಗಳನ್ನ ನಿದ್ದಿಯಿಂದ ಎಬ್ಬಿಸೋದು. ಒಂದು ಹನಿ ಔಷಧಿ ಬಿಟ್ಟರ ಸಾಕು, ಒಳಗ ಕ್ಯಾಲ್ಸಿಯಂ ಉಕ್ಕಿ, ನಾವು ಮೊದಲೇ ಹಾಕಿಟ್ಟ ಬಣ್ಣದಿಂದ ಹಸಿರಾಗಿ ಮಿಂಚ್ತಾವ. ನಮ್ಮ ಮಾತು ಆಡಾಕ ಇಲ್ಲಿ ಯಾರೂ ಇಲ್ಲ. ಹನಿ ಬಿಡೋವಾಗೆಲ್ಲ, ನೀ ನನ್ನ ಮುಖಕ್ಕ ನೀರು ಚಿಮುಕಿಸಿ ಅಂತಿದ್ದಂಗ, "ಏಳವ್ವ, ಬಿಸಿಲು ಬಂತು" ಅಂತೀನಿ.

ಮೊನ್ನೆ ಜ್ವರ ಬಂದು ಮಲಗಿದ್ದೆ. ಈಗ ಇಳದೈತಿ, ಚಿಂತಿ ಮಾಡಬ್ಯಾಡ. ನನ್ನ ಜೋಡಿ ಕೆಲಸ ಮಾಡೋ ಯೂಕಿ ಲ್ಯಾಬಿನಿಂದ ಫೋನ್ ಮಾಡಿ, "ಅದೇನೋ ಹೇಳ್ತಿಯಲ್ಲ, ನನಗೂ ಕಲಿಸು. ಅದನ್ನ ಹೇಳದೇ ಹನಿ ಬಿಡಾಕ ಅಂಜಿಕಿ ಆಗ್ತೈತಿ" ಅಂದ್ಳು. ಕಲಿಸಿದೆ. ಅಕಿ ತೊದಲುತ್ತ "ಏಳವ್ವ" ಅಂದ್ಳು.

ಇನ್ನೊಬ್ಬರ ಬಾಯಿಂದ ಆ ಮಾತು ಕೇಳಿ ಆರು ತಿಂಗಳಾಗಿತ್ತು, ದೊಡ್ಡವ್ವ. ಕೋಶ ಎದ್ದುವೋ ಇಲ್ಲೋ ಕೇಳಲಿಲ್ಲ. ನಾ ಎದ್ದು ಕುಂತೆ.

ಗಾದೆಮ್ಮ