ಅಮ್ಮನ ನೇರಳೆ ಕೊಲಂಬೈನ್

ಮೇ ೯

ನನ್ನ ಮೆಣಸಿನಕಾಯಿ ತಂಗಿಗೆ,

ಅಕ್ಕನ ಆಶೀರ್ವಾದಗಳು. ಉತ್ತರ ತಡವಾಯಿತೆಂದು ಮೂತಿ ಉಬ್ಬಿಸಬೇಡ. ಬೇಕರಿಯಲ್ಲಿ ಬೆಳಗಿನ ಪಾಳಿ ನನ್ನ ತಲೆಗೇ ಬಿದ್ದಿದೆ. ಮನೆಗೆ ಬಂದರೆ ಅಮ್ಮನ ಕಣ್ಣುನೋವಿಗೆ ಔಷಧಿ ಬಿಡುವುದು, ಅವಳ ಜೊತೆ ಒಂದಿಷ್ಟು ಜಗಳ. ಅಷ್ಟರಲ್ಲಿ ದಿನ ಮುಗಿಯುತ್ತದೆ.

ಕೊಲಂಬೈನ್ ಹೂಗಿಡ ಏನಾಯಿತೆಂದು ನೀನು ಕೇಳಿದ್ದೆ. ಪಕ್ಕದವರು ಗೋಡೆ ಕಟ್ಟಿದಾಗ ಅಮ್ಮನ ಹಳೆಯ ಗಿಡ ಹೋಯಿತಲ್ಲ, ಅದರ ಬೀಜ ಅವಳ ಹೊಲಿಗೆಯ ಗುಂಡಿ ಡಬ್ಬಿಯಲ್ಲಿ ಉಳಿದಿತ್ತು. ಕಣ್ಣು ಪೂರ್ತಿ ಹೋಗುವ ಮುಂಚೆ ಆ ನೇರಳೆ ಹೂವನ್ನು ಇನ್ನೊಮ್ಮೆ ನೋಡಬೇಕು ಎಂದು ನನ್ನ ಕೈಗೆ ಕೊಟ್ಟಳು. ನಾನೋ, ಬೇಕರಿಯವಳು. ಹಿಟ್ಟು ಉಬ್ಬಲು ಇಡುವ ಹಾಗೆ ಬೀಜದ ಮೇಲೆ ದಪ್ಪಗೆ ಮಣ್ಣು ಮುಚ್ಚಿ, ಕುಂಡವನ್ನು ಒಲೆಯ ಪಕ್ಕ ಬೆಚ್ಚಗೆ ಇಟ್ಟೆ. ಒಂದು ಮೊಳಕೆಯೂ ಬರಲಿಲ್ಲ. ನರ್ಸರಿಯಾಕೆ ಕೇಳಿ ನಕ್ಕುಬಿಟ್ಟಳು. ಈ ಬೀಜಕ್ಕೆ ಬೇಕಾದದ್ದು ಚಳಿ ಮತ್ತು ಬೆಳಕು. ಮಣ್ಣಿನ ಮೇಲೆ ಸುಮ್ಮನೆ ಒತ್ತಿ ಚಳಿಗಾಲವಿಡೀ ಹೊರಗೆ ಬಿಡಬೇಕಂತೆ.

ಉಳಿದ ಬೀಜವನ್ನು ಹಾಗೆಯೇ ಮಾಡಿದೆ. ಚಳಿ ಕಳೆದ ಮೇಲೆ ಮೊಳೆಯಿತು. ಆದರೆ ಮೊದಲ ವರ್ಷ ಬರೀ ಎಲೆ, ಹೂವು ಮರುವರ್ಷಕ್ಕೇ. ನನ್ನ ಅತಿಬುದ್ಧಿಯಿಂದ ಹಾಳಾದ ಆ ಒಂದು ವರ್ಷವೇ ಅಮ್ಮನಿಗೆ ಬೇಕಾಗಿತ್ತು ಕಣೆ. ಈ ಚಳಿಗಾಲದಲ್ಲಿ ಅವಳ ಕಣ್ಣು ಪೂರ್ತಿ ಕತ್ತಲಾಯಿತು.

ಮೊನ್ನೆ ಮೊದಲ ಹೂವು ಅರಳಿತು. ನೇರಳೆಯಲ್ಲ, ಮಾಸಲು ಗುಲಾಬಿ. ಬೇರೆ ಬಣ್ಣದ ಗಿಡದಿಂದ ಜೇನುನೊಣ ಪರಾಗ ತಂದಿದ್ದರೆ ತಾಯಿಗಿಡದ ಬಣ್ಣವೇ ಬರಬೇಕೆಂದೇನೂ ಇಲ್ಲವಂತೆ. ಕುಂಡವನ್ನು ಅಮ್ಮನ ಮಡಿಲಲ್ಲಿಟ್ಟೆ. ಹೂವಿನ ಹಿಂದಿನ ಉದ್ದನೆಯ ಕೊಂಬುಗಳನ್ನು ಬೆರಳಿಂದ ಸವರುತ್ತ ಬಣ್ಣ ಕೇಳಿದಳು. ನೇರಳೆ ಎಂದೆ. ಹಳೆಯದಕ್ಕಿಂತ ಗಾಢ ಎಂದು ಬೇರೆ ಸೇರಿಸಿದೆ. ನೀನಿದ್ದಿದ್ದರೆ ನನ್ನ ಕಿವಿ ಹಿಂಡುತ್ತಿದ್ದೆ.

ಆರೋಗ್ಯ ನೋಡಿಕೋ. ನೂರು ಕಾಲ ಸುಖವಾಗಿರು.

ನಿನ್ನ
ಅಕ್ಕ

ತಾ.ಕ.: ಇದನ್ನು ಬರೆಯಬಾರದು ಎಂದುಕೊಂಡಿದ್ದೆ, ಆಗಲಿಲ್ಲ. ನಾನು ನೇರಳೆ ಎಂದಾಗ ಅಮ್ಮ ಕುಂಡವನ್ನು ನನ್ನ ಕೈಗೆ ವಾಪಸು ಕೊಟ್ಟು, "ನನ್ನ ಮನಸ್ಸು ನೋಯಬಾರದು ಅಂತ ನೀನು ಸುಳ್ಳು ಹೇಳ್ತೀಯ. ನಿನ್ನ ತಂಗಿಯಾದ್ರೆ ಇದ್ದದ್ದು ಇದ್ದ ಹಾಗೆ ಹೇಳ್ತಿದ್ಲು. ಅದಕ್ಕೇ ತಾನೇ ನಾನು ಅವಳನ್ನ ಮನೆಯಿಂದ ಆಚೆ ಹಾಕಿದ್ದು" ಎಂದಳು. ಇಷ್ಟು ವರ್ಷ ಜೊತೆಗಿದ್ದವಳು ನಾನು, ಅವಳು ನಂಬುವುದು ನಿನ್ನ ಮಾತನ್ನು. ಗಿಡದಲ್ಲಿ ಇನ್ನೂ ಮೊಗ್ಗುಗಳಿವೆ. ಬಂದು ನೀನೇ ಹೇಳು. ಗುಲಾಬಿ ಎಂದೇ ಹೇಳು.