ಅತ್ತೆ ಸ್ಟೇರಿಂಗ್ ಹಿಡಿದದ್ದು

ಮನೆಯಿಂದ,
ಮಾರ್ಚ್ ೧೨, ಭಾನುವಾರ ಬೆಳಗ್ಗೆ

ಪ್ರೀತಿಯ ಇಂಜಿನಿಯರಮ್ಮನಿಗೆ,

ಹೇಗಿದ್ದೀ? ಸುರಂಗದ ಧೂಳಿಗೆ ಶುರುವಾಗಿದ್ದ ಕೆಮ್ಮು ಹೋಯಿತೇ, ಇಲ್ಲ ಅದೂ ನಿನ್ನ ಹಾಗೆಯೇ ಹಿಡಿದ ಪಟ್ಟು ಬಿಡುತ್ತಿಲ್ಲವೇ? ಫೋನು ಹತ್ತದ ಬೆಟ್ಟದಲ್ಲಿ ಕೂತು ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳದೆ ಕೆಲಸ ಮಾಡಬೇಡ. ಇಲ್ಲಿ ನಾನು ಚೆನ್ನಾಗಿದ್ದೇನೆ. ನಿನ್ನ ಅಮ್ಮ ನನಗಿಂತ ಚೆನ್ನಾಗಿದ್ದಾರೆ. ನಮ್ಮ ಕನ್ನಡಕದ ಅಂಗಡಿಗೆ ಹೊಸ ಫ್ರೇಮುಗಳು ಬಂದಿವೆ. ಎಲ್ಲವೂ ಒಂದೇ ಥರ ದಪ್ಪ ಕಪ್ಪು. ಹಾಕಿಕೊಂಡವರೆಲ್ಲ ಯಾರ ಮೇಲೋ ಕೋಪಿಸಿಕೊಂಡ ಹಾಗೆ ಕಾಣುತ್ತಾರೆ.

ಎದುರುಮನೆಯ ಔಷಧಿ ಅಂಗಡಿಯವರು ಹೊಸ ಕಾರು ತಂದಿದ್ದಾರೆ. ಆನೆಮರಿಯಷ್ಟಿದೆ. ಅದು ನಮ್ಮ ತಿರುವಿಗೆ ಬಂದರೆ ಬೀದಿಯೇ ಪಕ್ಕಕ್ಕೆ ಸರಿದು ದಾರಿ ಬಿಡಬೇಕು. ಒಳಗೆ ಗುಂಡಿಗಳೇ ಇಲ್ಲ, ಎಲ್ಲದಕ್ಕೂ ಒಂದು ದೊಡ್ಡ ಪರದೆ. ತಣ್ಣನೆ ಗಾಳಿ ಬೇಕೆಂದರೂ ಅದನ್ನೇ ಸವರುತ್ತಾ ಕೂರಬೇಕು. ನನ್ನನ್ನು ಕೇಳಿದರೆ ಗುಂಡಿ ಅಂದಮೇಲೆ ಕಣ್ಣು ರಸ್ತೆಯ ಮೇಲೇ ಇದ್ದರೂ ಕೈಗೆ ಸಿಗಬೇಕು. ಬಾಗಿಲಿನ ಸದ್ದು ಮಾತ್ರ ಚೆನ್ನಾಗಿದೆ, ಒಳ್ಳೆಯ ಪುಸ್ತಕ ಮುಚ್ಚಿದ ಹಾಗೆ. ಗೇರು ತಾನೇ ಬದಲಾಗುತ್ತದಂತೆ. ಅಂಥ ಕಾರು ಓಡಿಸುವುದೆಂದರೆ ಇನ್ನೊಬ್ಬರು ಅಗಿದು ಕೊಟ್ಟದ್ದನ್ನು ನುಂಗಿದ ಹಾಗೆ ಅಂದೆ. ಅವರು, 'ಹಲ್ಲಿಲ್ಲದವರು ಏನ್ ಮಾಡ್ಬೇಕು ಹಾಗಾದ್ರೆ?' ಅಂದರು.

ಇಷ್ಟು ಹೊತ್ತಿಗೆ ನಿನಗೆ ಅನುಮಾನ ಬಂದಿರಬೇಕು. ನಾನು ಸುತ್ತಿ ಬಳಸಿ ಮಾತಾಡುತ್ತಿದ್ದೇನೆ ಅಂದರೆ ಹೊಟ್ಟೆಯಲ್ಲಿ ಏನೋ ಇಟ್ಟುಕೊಂಡಿದ್ದೇನೆ ಅಂತಲೇ ಅರ್ಥ. ಹೇಳಿಬಿಡುತ್ತೇನೆ. ಮಾವನ ಕಾರು ಮಾರಾಟವಾಗಿಲ್ಲ. ನೀನು ಹೊರಡುವಾಗ, 'ನಾನು ವಾಪಸ್ ಬರೋ ಹೊತ್ತಿಗೆ ಅದು ಶೆಡ್ಡಲ್ಲಿ ಇರಬಾರದು' ಅಂದಿದ್ದೆ. ಕೊಳ್ಳುವವನೊಬ್ಬ ಬಂದೂ ಇದ್ದ. ಬಾನೆಟ್ ಎತ್ತಿ ನೋಡಿದ, ಹಿಂದಿನ ಟೈರಿಗೆ ಒದ್ದ. ಟೈರಿಗೆ ಒದೆಯುವವನಿಗೆ ಕಾರು ಕೊಡಬಾರದೆಂಬುದು ನನ್ನ ಸಿದ್ಧಾಂತ. ಒದ್ದರೆ ಟೈರಿನ ವಿಷಯ ಏನೂ ತಿಳಿಯುವುದಿಲ್ಲ, ಒದ್ದವನ ವಿಷಯ ತಿಳಿಯುತ್ತದೆ. ಆದರೆ ಅವನನ್ನು ವಾಪಸ್ ಕಳಿಸಿದ್ದು ನಾನಲ್ಲ. ಅತ್ತೆ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದು, 'ಇದು ಮಾರೋದಕ್ಕಿಲ್ಲಪ್ಪಾ' ಅಂದರು. ಅವನು ಗೇಟು ದಾಟಿದ ಮೇಲೆ ನನ್ನ ಕಡೆ ತಿರುಗಿ, 'ಅಳಿಯಂದಿರೇ, ನನಗೆ ಓಡಿಸೋದು ಕಲಿಸಿಕೊಡಿ' ಅಂದರು. ತಮಾಷೆ ಅಂದುಕೊಂಡೆ. ಅವರು ನಗಲಿಲ್ಲ.

ಅಳಿಯನಾದವನು ಅತ್ತೆಗೆ ಗದರುವಂತಿಲ್ಲ. ಗದರದೆ ಡ್ರೈವಿಂಗ್ ಕಲಿಸಲಾಗುವುದಿಲ್ಲ. ಹಾಲಿನ ವ್ಯಾನು ಮೂಗಿನ ನೇರಕ್ಕೆ ಬರುತ್ತಿರುವಾಗ, 'ಅತ್ತೆ, ಸ್ವಲ್ಪ ಬ್ರೇಕ್ ಒತ್ತಬಹುದಾ?' ಎಂದು ವಿನಯದಿಂದ ಕೇಳಿದ ಮೇಷ್ಟ್ರು ಬೇರೆ ಯಾರೂ ಇರಲಾರರು. ಕಲಿಯುವವರ ಲೈಸೆನ್ಸ್ ಮಾಡಿಸಿ, ಮುಚ್ಚಿದ ಗಿರಣಿಯ ಹಿಂದಿನ ಬಯಲಿನಲ್ಲಿ ಶುರು ಮಾಡಿದೆವು. ಕ್ಲಚ್ಚಿಗೆ ಅವರು ಬೇಗ ಒಗ್ಗಿಕೊಂಡರು. ಇಷ್ಟು ವರ್ಷ ಹೊಲಿಗೆ ಯಂತ್ರ ತುಳಿದ ಕಾಲು ಅದು, ಎಷ್ಟು ಒತ್ತಬೇಕು, ಯಾವಾಗ ಬಿಡಬೇಕು ಎಂದು ತಾನಾಗಿಯೇ ತಿಳಿದುಕೊಂಡಿತು. ಹಾರ್ನ್ ಮಾತ್ರ ಹೊಡೆಯುತ್ತಿರಲಿಲ್ಲ. 'ಪಾಪ, ಬೆಚ್ಚಿ ಬೀಳ್ತಾರೆ' ಅನ್ನುತ್ತಿದ್ದರು. ದೂರದ ಬೋರ್ಡು ಓದಲು ತಡಕಾಡುತ್ತಿದ್ದಾಗ ಅಂಗಡಿಗೆ ಕರೆದೊಯ್ದು ಕಣ್ಣು ನೋಡಿದೆ. ಹಳೇ ಕನ್ನಡಕದ ನಂಬರು ಯಾವ ಕಾಲದ್ದೋ. ದೀಪದ ಬುಡದಲ್ಲೇ ಕತ್ತಲು. ಹೊಸದು ಹಾಕಿಕೊಂಡ ದಿನ ಇಡೀ ಬೀದಿಯ ಬೋರ್ಡುಗಳನ್ನು ಜೋರಾಗಿ ಓದಿಕೊಂಡೇ ಕಾರು ಓಡಿಸಿದರು. ರಿವರ್ಸ್ ಅಂದರೆ ಮಾತ್ರ ಆಗದು. ಹಿಂದಕ್ಕೆ ತೆಗೆಯಿರಿ ಅಂದರೆ ಒಂದು ದೊಡ್ಡ ಸುತ್ತು ಹಾಕಿ ಮುಂದಿನಿಂದಲೇ ವಾಪಸ್ ಬರುತ್ತಿದ್ದರು. ಮೊದಲ ಪರೀಕ್ಷೆಯಲ್ಲಿ ಫೇಲಾದದ್ದು ಅದಕ್ಕೇ. ಆ ದಿನ ಮನೆಗೆ ಬಂದವರು ಶೆಡ್ಡಿನ ಮುಂದೆ ಎರಡು ಬಕೆಟ್ ಇಟ್ಟುಕೊಂಡು ಅಭ್ಯಾಸಕ್ಕೆ ಕೂತರು. ಒಂದು ಬಕೆಟ್ ಒಡೆದಿದೆ, ನೀಲಿಯದು. ಬಂದಾಗ ಹುಡುಕಬೇಡ. ಎರಡನೆಯ ಸಲ ಪಾಸಾದರು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಲೈಸೆನ್ಸ್ ಕೈಗೆ ಬಂದ ಮರುದಿನ ಬೆಳಗ್ಗೆ, 'ಬನ್ನಿ, ಆ ರಸ್ತೆಗೆ ಹೋಗೋಣ' ಅಂದರು. ಯಾವ ರಸ್ತೆ ಎಂದು ನಾನು ಕೇಳಲಿಲ್ಲ. ಗೋದಾಮುಗಳ ಉದ್ದ ಗೋಡೆಯ ಪಕ್ಕ, ಮಾವ ಆವತ್ತು ಕಾರು ನಿಲ್ಲಿಸಿದ್ದ ಜಾಗದಲ್ಲೇ ಅತ್ತೆಯೂ ನಿಲ್ಲಿಸಿದರು. ಎದೆ ಹಿಡಿದುಕೊಂಡರೂ ಮನುಷ್ಯ ಇಂಡಿಕೇಟರ್ ಹಾಕಿ, ಪಕ್ಕಕ್ಕೆ ತಂದು, ಹ್ಯಾಂಡ್ ಬ್ರೇಕ್ ಎಳೆದು ಆಮೇಲೆ ಒರಗಿದ್ದರು. ಅಂಥ ಡ್ರೈವರನ್ನು ನಾನು ಬೇರೆ ಕಂಡಿಲ್ಲ. ಮುಂದಿನದು ನಿನಗೂ ಗೊತ್ತು. ರಸ್ತೆಯಲ್ಲಿ ನಿಂತು ಅತ್ತೆ ಕೈ ಬೀಸಿದರು, ಒಂದು ಲಾರಿ ನಿಲ್ಲುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆದರೆ ಅವರು ನಮಗಿಬ್ಬರಿಗೂ ಹೇಳದೆ ಉಳಿಸಿಕೊಂಡ ಮಾತೊಂದಿತ್ತು. ಅದನ್ನು ಅಲ್ಲಿ, ಸ್ಟೇರಿಂಗ್ ಹಿಡಿದು ಎದುರಿಗೇ ನೋಡುತ್ತಾ ಹೇಳಿದರು. 'ಕೀ ಅಲ್ಲೇ ಇತ್ತು. ಇಂಜಿನ್ನೂ ನಿಂತಿರಲಿಲ್ಲ, ಗುರ್ ಅಂತಲೇ ಇತ್ತು. ಇಳಿದು ಕೈ ಬೀಸೋವರೆಗೂ ನಾನು ಪಕ್ಕದಲ್ಲಿ ಸುಮ್ಮನೆ ಕೂತಿದ್ದೆ.'

ಆಮೇಲೆ ಮೊದಲನೇ ಗೇರು ಹಾಕಿ ಹೊರಟರು. ಎರಡು ತಿರುವು, ಒಂದು ಸೇತುವೆ, ಆಸ್ಪತ್ರೆಯ ಗೇಟು. ಅಲ್ಲಿ ನಿಲ್ಲಿಸಿ, 'ಇಷ್ಟೇನಾ?' ಅಂದರು. ಕೂಡಲೇ ಕರೆತಂದಿದ್ದರೂ ಕಷ್ಟವೇ ಇತ್ತು ಎಂದು ಡಾಕ್ಟರು ಹೇಳಿದ್ದನ್ನು ನೆನಪಿಸಿದೆ. 'ಗೊತ್ತು. ಅವರು ಉಳೀತಿದ್ರು ಅಂತ ನಾನು ಹೇಳ್ತಿಲ್ಲ. ಆದ್ರೆ ಇನ್ನೊಂದು ಸಲ ಯಾರ ಪಕ್ಕದಲ್ಲೂ ನಾನು ಹಾಗೆ ಕೂರೋದಿಲ್ಲ' ಅಂದರು. ಸೆರಗಿನಿಂದ ಕನ್ನಡಕ ಒರೆಸಿಕೊಂಡರು. ನಾನು ಕಿಟಕಿಯಾಚೆ ನೋಡುತ್ತಾ ಕೂತೆ. ಅಷ್ಟರಲ್ಲಿ ಕಾವಲಿನವನು ಬಂದು, ಆಂಬುಲೆನ್ಸ್ ಬರೋ ಜಾಗ, ಹಿಂದಕ್ಕೆ ತೆಗೀರಿ ಅಂದ. ಅತ್ತೆ ತಿರುಗಿ ನೋಡಿ ಒಂದೇ ಸಲಕ್ಕೆ ಹಿಂದಕ್ಕೆ ತೆಗೆದರು, ನೇರವಾಗಿ, ಗೆರೆ ಎಳೆದ ಹಾಗೆ. ವಾಪಸ್ ಬರುವಾಗ ಒಬ್ಬ ಸ್ಕೂಟರಿನವನು ನಡುರಸ್ತೆಯಲ್ಲೇ ತೂಗಾಡಿಕೊಂಡು ಹೋಗುತ್ತಿದ್ದ. 'ಇವನಿಗೆ ಯಾರಪ್ಪಾ ಲೈಸೆನ್ಸ್ ಕೊಟ್ಟೋರು' ಎಂದು ಗೊಣಗಿ ಹಾರ್ನ್ ಹೊಡೆದರು. ಆವತ್ತಿಗೆ ಅವರು ಡ್ರೈವರಾದರು ಅಂತ ನನ್ನ ಲೆಕ್ಕ.

ನಿನಗೆ ಆ ಕಾರು ನೋಡಿದರೆ ಸಂಕಟವಾಗುತ್ತದೆ, ಅದು ತಪ್ಪೆಂದು ನಾನು ಹೇಳುವುದಿಲ್ಲ. ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದಕ್ಕೆ ಬೈಯುವುದಿದ್ದರೆ ನನ್ನನ್ನು ಬೈ. ಅವರನ್ನಲ್ಲ. ಆರೋಗ್ಯ ನೋಡಿಕೋ, ಹೊತ್ತಿಗೆ ಸರಿಯಾಗಿ ಊಟ ಮಾಡು, ಜೊತೆಯವರಿಗೆಲ್ಲ ನನ್ನ ನಮಸ್ಕಾರ ತಿಳಿಸು.

ಇಂತು ನಿನ್ನ,
ಕನ್ನಡಕದವನು

ಮರೆತ ಮಾತು: ಲಕೋಟೆಗೆ ಅಂಚೆಚೀಟಿ ಇಲ್ಲದ್ದನ್ನು ನೋಡಿರುತ್ತೀ. ಹೊರಗೆ ಇಂಜಿನ್ ಚಾಲೂ ಇದೆ, ಅತ್ತೆ ಅವಸರ ಮಾಡುತ್ತಿದ್ದಾರೆ, ಅಕ್ಷರ ಸೊಟ್ಟಗಾದರೆ ಕ್ಷಮಿಸು. ಜೊತೆಗೆ ನಾನೂ ಬರುತ್ತೇನೆ ಅಂದೆ, ಬೇಡ ಅಂದರು. ದಾರಿಯನ್ನು ನಾಲ್ಕು ಸಲ ಹೇಳಿಕೊಟ್ಟಿದ್ದೇನೆ, ಐದನೆಯ ಸಲಕ್ಕೆ ನನ್ನನ್ನೇ ಗದರಿದರು. ಈ ಪತ್ರವನ್ನು ನಿಮ್ಮ ಶಿಬಿರದ ಕಾವಲಿನವನ ಕೈಲಿ ಒಳಗೆ ಕಳಿಸುತ್ತಾರಂತೆ. 'ಮೊದಲು ಅವಳು ಓದಲಿ. ಕೋಪ ಬಂದರೆ ಇಳೀಲಿ. ಆಮೇಲೆ ನಾನು ಒಳಗೆ ಬರ್ತೀನಿ' ಅಂದರು. ನೀನು ಇದನ್ನು ಓದುತ್ತಿರುವಾಗ ಅಮ್ಮ ಗೇಟಿನ ಹೊರಗೆ ಕಾರಿನಲ್ಲಿ ಕೂತಿದ್ದಾರೆ. ಹೋಗು.